ಗೆದ್ದರು, ಕೈಬಿಟ್ಟರು

ನಿನ್ನೆ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತ ಹುಡುಗ, "ಯುರೋಪಿನಲ್ಲಿ ಕಮ್ಯುನಿಸ್ಟರ ಕಥೆ 1989ಕ್ಕೇ ಮುಗೀತಲ್ವಾ ಅಂಕಲ್" ಅಂದ. ಸುಮ್ಮನಿರಲು ಆಗಲಿಲ್ಲ. ಅವತ್ತೇ ಮುಗಿದಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಪೋಲೆಂಡನ್ನೇ ನೋಡಿ. 1990ರ ಜನವರಿ, ವಾರ್ಸಾ. ನಾಲ್ಕು ದಶಕ ಆಳಿದ ಕಮ್ಯುನಿಸ್ಟ್ ಪಕ್ಷದ ಕೊನೆಯ ಸಭೆ. ಬಾವುಟ ಹೊರಗೆ ಒಯ್ಯಿರಿ ಅಂದರು ನಾಯಕ ರಾಕೊವ್‌ಸ್ಕಿ. ಒಯ್ದರು. ಅಲ್ಲೇ ಹೊಸ ಪಕ್ಷ ಹುಟ್ಟಿತು, ಅಧ್ಯಕ್ಷ ಕ್ವಾಶ್ನ್ಯೆವ್‌ಸ್ಕಿಗೆ ಆಗ 35 ವರ್ಷ. 1993ರಲ್ಲಿ ಅವರ ಎಡಪಂಥೀಯ ಒಕ್ಕೂಟವೇ ಸಂಸತ್ತಿನಲ್ಲಿ ಎಲ್ಲರಿಗಿಂತ ದೊಡ್ಡದು! 1995ರ ಟೀವಿ ಚರ್ಚೆಯಲ್ಲಿ, ಕಮ್ಯುನಿಸ್ಟರ ವಿರುದ್ಧ ಹೋರಾಡಿ ದೇಶದ ಅಧ್ಯಕ್ಷರಾಗಿದ್ದ ಲೆಕ್ ವಲೇಸಾ, ಕ್ವಾಶ್ನ್ಯೆವ್‌ಸ್ಕಿಯ ಕೈ ಕುಲುಕಲಿಲ್ಲ, ಬೇಕಾದರೆ ಕಾಲು ಕೊಡಬಹುದು ಅಂದರು. ಕೊನೆಗೆ ಚುನಾವಣೆ ಗೆದ್ದು ದೇಶದ ಅಧ್ಯಕ್ಷರಾದದ್ದು ಕ್ವಾಶ್ನ್ಯೆವ್‌ಸ್ಕಿ. ಅವತ್ತು ಹಾಸ್ಟೆಲಲ್ಲಿ ನಾನು ಮೈಸೂರ್‌ಪಾಕ್ ಹಂಚಿದ್ದೆ.

ಜನ ಯಾಕೆ ವಾಪಸ್ ಕರೆದರು? ಒಮ್ಮೆಲೇ ತಂದ ಮಾರುಕಟ್ಟೆ ಸುಧಾರಣೆಯಿಂದ ಕೆಲಸ ಹೋಗಿತ್ತು, ಅದಕ್ಕೆ. ವುಚ್ ಅಂತ ಒಂದು ಊರಿದೆ, ಪೋಲೆಂಡಿನ ಮ್ಯಾಂಚೆಸ್ಟರ್ ಅನ್ನುತ್ತಾರೆ. ಸೋವಿಯತ್ ಮಾರುಕಟ್ಟೆ ಹೋದದ್ದೇ ತಡ, ಅಲ್ಲಿನ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಬೀದಿಗೆ ಬಿದ್ದವರಲ್ಲಿ ಹೆಂಗಸರೇ ಜಾಸ್ತಿ. ನಮ್ಮ ದಾವಣಗೆರೆಗೂ ಮ್ಯಾಂಚೆಸ್ಟರ್ ಅಂತಲೇ ಹೆಸರಿತ್ತು. ನಮ್ಮಪ್ಪ ಅಲ್ಲಿನ ಮಿಲ್ಲಿನಲ್ಲೇ ಕೆಲಸಕ್ಕಿದ್ದರು. ಮಿಲ್ ಮುಚ್ಚಿದ ಮೇಲೂ ಅಪ್ಪ ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಅಂಗಿ ಹಾಕಿಕೊಂಡು ಜಗುಲಿ ಮೇಲೆ ಕೂರುತ್ತಿದ್ದರು. ಮಧ್ಯಾಹ್ನದವರೆಗೂ.

ಅಂಥವರ ವೋಟು ಪಡೆದವರು ಮಾಡಿದ್ದೇನು? 2001ರಲ್ಲಿ ನೂರಕ್ಕೆ 41 ವೋಟು ಬಿತ್ತು. ನೂರಕ್ಕೆ ಸುಮಾರು 20 ಜನಕ್ಕೆ ಕೆಲಸವಿಲ್ಲದ ಕಾಲ. ಅವರದೇ ಪ್ರಧಾನಿ ಮಿಲ್ಲರ್ ಸರ್ಕಾರ ಕಂಪನಿಗಳ ತೆರಿಗೆಯನ್ನು ನೂರಕ್ಕೆ 27ರಿಂದ 19ಕ್ಕೆ ಇಳಿಸಿತು. ಎಡಪಕ್ಷ ಕಣ್ರೀ! ಜೊತೆಗೆ ಭ್ರಷ್ಟಾಚಾರದ ಹಗರಣ ಬೇರೆ. 2005ರಲ್ಲಿ ನೂರಕ್ಕೆ 11 ವೋಟಿಗೆ ಇಳಿದರು. ಚುನಾವಣೆ ಗೆಲ್ಲುವುದನ್ನು ಇಷ್ಟು ಬೇಗ ಕಲಿತವರು, ಯಾರಿಗಾಗಿ ಗೆಲ್ಲಬೇಕು ಅನ್ನುವುದನ್ನೇ ಮರೆತರು.

ಬೊಕ್ಕಸ ಖಾಲಿ ಇತ್ತು, ಯುರೋಪಿನ ಒಕ್ಕೂಟ ಸೇರಬೇಕಿತ್ತು, ಬೇರೆ ದಾರಿ ಇರಲಿಲ್ಲ ಅನ್ನುತ್ತಾರೆ. ಒಕ್ಕೂಟ ಸೇರಿಸಿದ್ದು, 1997ರ ಸಂವಿಧಾನಕ್ಕೆ ದುಡಿದದ್ದು ದೊಡ್ಡ ಕೆಲಸವೇ. ಆದರೆ ಕಂಪನಿಗಳಿಗೆ ಬಿಟ್ಟುಕೊಡಲು ದುಡ್ಡಿತ್ತಲ್ಲ? ಬೇರೆ ದಾರಿ ಇರಲಿಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ.

2015ರಲ್ಲಿ ಅವರಿಗೆ ಒಂದು ಸೀಟೂ ಬರಲಿಲ್ಲ. ಮರುವರ್ಷ ಎರಡನೇ ಮಗುವಿನಿಂದ, ಬಡವರ ಮನೆಯಾದರೆ ಮೊದಲ ಮಗುವಿಗೂ, ತಿಂಗಳಿಗೆ 500 ಜ್ಲೋಟಿ (ಪೋಲೆಂಡಿನ ಹಣ) ಸಿಗತೊಡಗಿತು. ಕೊಟ್ಟದ್ದು ಬಲಪಂಥದ ಸರ್ಕಾರ. ಕೊಡಬೇಕಿದ್ದವರು ನಮ್ಮವರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.