ಸ್ಫೂರ್ತಿ ಬಂದಿದೆ, ದಾರಿ ಬಿಡಿ

ನಮ್ಮೂರಲ್ಲಿ ಮೈಮೇಲೆ ದೇವರು ಬರಬೇಕಾದರೆ ಅಮಾವಾಸ್ಯೆ ಬೇಕು, ತಮಟೆ ಬೇಕು, ಒಂದು ಕೋಳಿಯಾದರೂ ಬೇಕು. ಫ್ಯಾಷನ್ ಡಿಸೈನರುಗಳಿಗೆ ಅಷ್ಟೆಲ್ಲ ಖರ್ಚಿಲ್ಲ. ಸ್ಪ್ರಿಂಗ್-ಸಮ್ಮರ್ ಹತ್ತಿರ ಬಂದರೆ ಸಾಕು, ಆಫ್ರಿಕಾ ತಾನಾಗಿಯೇ ಮೈಮೇಲೆ ಬರುತ್ತದೆ. ಮೊನ್ನೆಯಿಂದ ನನ್ನ ಫೋನಿನಲ್ಲೂ ಒಂದು ಜಾಹೀರಾತು ಬೆನ್ನು ಹತ್ತಿದೆ: 'ಆಫ್ರಿಕಾದಿಂದ ಸ್ಫೂರ್ತಿ ಪಡೆದ' ಗೌನು. ಯಾವ ಊರು, ಯಾವ ಜನ, ಯಾವ ಮಗ್ಗ ಎಂಬ ಸುದ್ದಿಯೇ ಇಲ್ಲ. 'ಯುರೋಪಿನಿಂದ ಸ್ಫೂರ್ತಿ ಪಡೆದ ಪ್ಯಾಂಟು' ಎಂದು ಯಾರಾದರೂ ಮಾರಿದ್ದು ಕಂಡಿದ್ದೀರಾ?

ಸ್ಫೂರ್ತಿ ಅಂದರೇನು ಅಂತ ಗಾಂಧಿನಗರದವರನ್ನು ಕೇಳಿ. ಹಿಂದೆಲ್ಲ ಅಲ್ಲಿ ಅದಕ್ಕೆ ಡಿವಿಡಿ ಅನ್ನುತ್ತಿದ್ದರು.

ನೀಲಿ-ಕೆಂಪು ಚೌಕುಳಿಯ, ಜಿಪ್ ಇರುವ ಪ್ಲಾಸ್ಟಿಕ್ ಚೀಲ ನಿಮ್ಮ ಮನೆ ಅಟ್ಟದ ಮೇಲೂ ಇರಬೇಕು. ನಮ್ಮನೆಯದರಲ್ಲಿ ಹಳೇ ರಗ್ಗು, ಗೌರಿ ಹಬ್ಬದ ಸಾಮಾನು, ತನ್ನದೆಂದು ಯಾರೂ ಒಪ್ಪಿಕೊಳ್ಳದ ಒಂದು ಸ್ವೆಟರ್ ಇವೆ. ಪಶ್ಚಿಮ ಆಫ್ರಿಕಾದಲ್ಲಿ ಈ ಚೀಲದ ಹೆಸರೇ 'ಘಾನಾ ಮಸ್ಟ್ ಗೋ'. 1983ರ ಜನವರಿಯಲ್ಲಿ ನೈಜೀರಿಯಾ ಸರ್ಕಾರ ಕಾಗದಪತ್ರ ಇಲ್ಲದ ವಲಸಿಗರಿಗೆ ಗಡುವು ಕೊಟ್ಟು ಜಾಗ ಖಾಲಿ ಮಾಡಿ ಅಂದಿತು. ಸುಮಾರು ಹತ್ತು ಲಕ್ಷ ಘಾನಾದವರು ಕೈಗೆ ಸಿಕ್ಕಿದ್ದನ್ನು ತುರುಕಿಕೊಂಡು ಹೊರಟಿದ್ದು ಇಂಥ ಚೀಲಗಳಲ್ಲಿ. 2007ರ ಕಲೆಕ್ಷನ್ನಿನಲ್ಲಿ ಲೂಯಿ ವಿಟಾನ್ ಅದೇ ಚೌಕುಳಿಗೆ ತನ್ನ ಮುದ್ರೆ ಒತ್ತಿ ಮಾರಿತು. ಬೆಲೆ ಕೇಳಬೇಡಿ, ಅಟ್ಟದ ಮೇಲಿನದಕ್ಕೆ ಬೇಜಾರಾಗುತ್ತದೆ. ನಕಲಿ ಬ್ಯಾಗ್ ಮಾರುವವರ ಮೇಲೆ ಊರೂರಲ್ಲಿ ಕೇಸು ಜಡಿಯುವ ಕಂಪನಿ ಅದು. ಈ ಚೌಕುಳಿಯ ವಿಷಯದಲ್ಲಿ ಯಾರು ಯಾರ ಮೇಲೆ ಕೇಸು ಹಾಕಬೇಕೋ!

ಇಷ್ಟು ಹೇಳಿ ನಾನು ಬೀಗುವ ಹಾಗೂ ಇಲ್ಲ. 'ಆಫ್ರಿಕನ್ ಪ್ರಿಂಟ್' ಎಂದು ನಾವೆಲ್ಲ ಗುರುತು ಹಿಡಿಯುವ ಆ ಝಗಝಗಿಸುವ ವ್ಯಾಕ್ಸ್ ಬಟ್ಟೆಯ ಜಾತಕ ತೆಗೆದರೆ, ಅದು ಇಂಡೋನೇಷ್ಯಾದ ಜಾವಾದಲ್ಲಿ ಮೇಣ ಹಚ್ಚಿ ಬಣ್ಣ ಕಟ್ಟುವ ಬಾಟಿಕ್ಕನ್ನು ಡಚ್ಚರು ಮಷೀನಿಗೆ ಹಾಕಿ ಮಾಡಿದ ನಕಲು. ಅದನ್ನು ಮನಸಾರೆ ಮೆಚ್ಚಿ ಕೊಂಡವರು ಪಶ್ಚಿಮ ಆಫ್ರಿಕಾದವರು. 1846ರಲ್ಲಿ ಹೆಲ್ಮಂಡ್ ಎಂಬ ಡಚ್ ಊರಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಈಗಲೂ ಅದನ್ನೇ ಅಚ್ಚು ಹಾಕುತ್ತದೆ. ಚೀನಾದವರು ನಮ್ಮ ಡಿಸೈನು ಕದಿಯುತ್ತಾರೆಂಬುದು ಅದರ ಗೋಳು. ಕಳ್ಳನ ಮನೆಗೇ ಕನ್ನ.

ಆದರೆ ಆ ಬಟ್ಟೆಗೆ ಬಾಯಿ ಕೊಟ್ಟವರು ಡಚ್ಚರಲ್ಲ, ಮಾರುಕಟ್ಟೆಯ ಹೆಂಗಸರು. ಟೋಗೊದ ಲೋಮೆಯಲ್ಲಿ ಈ ಬಟ್ಟೆ ಮಾರಿಯೇ ಮರ್ಸಿಡಿಸ್ ಕಾರು ಕೊಂಡ ಯಜಮಾನಿಯರಿಗೆ 'ನಾನಾ ಬೆಂಜ್' ಎಂದೇ ಹೆಸರು. ಒಂದೊಂದು ಅಚ್ಚಿಗೂ ಒಂದೊಂದು ಮಾತು. ಒಂದು 'ಸವತಿಯ ಕಣ್ಣು'. ಇನ್ನೊಂದು ಮಿಶೆಲ್ ಒಬಾಮಾ ಅವರ ಕೈಚೀಲ! ಮತ್ತೊಂದರಲ್ಲಿ ಪಂಜರದ ಬಾಗಿಲು ತೆರೆದಿದೆ, ಹಕ್ಕಿ ಹಾರಿಹೋಗುತ್ತಿದೆ. ಅದರ ಹೆಸರು 'ನೀ ಹೊರಗೆ ಹೋದ್ರೆ ನಾನೂ ಹೋಗ್ತೀನಿ'. ಗಂಡ ರಾತ್ರಿ ತಡವಾಗಿ ಬಂದನೋ, ಬೆಳಿಗ್ಗೆ ಜಗಳವೇ ಬೇಡ. ಆ ಸೀರೆ... ಕ್ಷಮಿಸಿ, ಆ ಬಟ್ಟೆ ಉಟ್ಟು ಅವನೆದುರು ಎರಡು ಸಲ ಓಡಾಡಿದರೆ ಆಯಿತು.

2017ರಲ್ಲಿ ಬ್ರಿಟನ್ನಿನ ಡಿಸೈನರ್ ಸ್ಟೆಲ್ಲಾ ಮೆಕಾರ್ಟ್ನಿ ಇಂಥ ಬಟ್ಟೆಯನ್ನು ಪ್ಯಾರಿಸ್ಸಿನ ರ‍್ಯಾಂಪ್ ಹತ್ತಿಸಿದರು. ತೊಟ್ಟವರು ಹೆಚ್ಚಿನಂಶ ಬಿಳಿ ಹುಡುಗಿಯರು. ಮೈಮೇಲಿನ ಬಟ್ಟೆ ಏನು ಹೇಳುತ್ತಿದೆ ಅಂತ ತೊಟ್ಟವರಿಗೂ ಗೊತ್ತಿಲ್ಲ, ತೊಡಿಸಿದವರಿಗೂ ಗೊತ್ತಿಲ್ಲ. ನೈಜೀರಿಯಾದವರಿಗೆ ಸಿಟ್ಟಿನ ಜೊತೆ ನಗುವೂ ಬಂತು. ಮನೆಯಲ್ಲಿ ಅಮ್ಮಂದಿರು, ಚಿಕ್ಕಮ್ಮಂದಿರು ತೊಡುವಂಥದ್ದು ಅದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ್ಯಾರಿಸ್ಸಿನಲ್ಲಿ ನೈಟಿ. ಹೆಗಲ ಮೇಲೊಂದು ಟವೆಲ್ಲು ಮಾತ್ರ ಬಾಕಿ ಇತ್ತು.

ಕಾಲುಚೀಲದ ಕಥೆಗೆ ಬಂದರೆ ನನಗೆ ನಗು ಬರುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಲದುಮಾ ಎನ್‌ಗ್ಸೊಕೊಲೊ ಎಂಬ ಖೋಸಾ ಡಿಸೈನರ್ ಇದ್ದಾನೆ. (ಆ ಹೆಸರಿನ ನಡುವೆ ಇರುವ ಸದ್ದು ನಮ್ಮ ಯಾವ ಒತ್ತಕ್ಷರಕ್ಕೂ ಸಿಗದು, ಜಟಕಾ ಹೊಡೆಯುವವರು ಕುದುರೆಗೆ ನಾಲಿಗೆಯಂಚಿನಲ್ಲಿ ಮಾಡುತ್ತಾರಲ್ಲ, ಅದು.) ಖೋಸಾ ಜನರಲ್ಲಿ ದೀಕ್ಷೆ ಮುಗಿಸಿ ಗಂಡಸಾಗಿ ಬಂದ ಹುಡುಗ ಹಳೇ ಬಟ್ಟೆ ಬಿಟ್ಟು ಆರು ತಿಂಗಳು ಹೊಸ ಉಡುಪು ತೊಡಬೇಕು. ಅದಕ್ಕೂ ವಿದೇಶಿ ಸ್ವೆಟರೇ ಗತಿಯಾಗಿದ್ದಾಗ, ಈತ ತನ್ನ ಜನರ ಮಣಿಕೆಲಸದ ಚಿತ್ತಾರವನ್ನು ಉಣ್ಣೆಗೆ ಇಳಿಸಿದ. 2018ರಲ್ಲಿ ನೋಡಿದರೆ ಅಂಥದ್ದೇ ಚಿತ್ತಾರ ಝಾರಾ ಅಂಗಡಿಯ ಕಾಲುಚೀಲದ ಮೇಲಿತ್ತು. ಈತ ದನಿ ಎತ್ತಿದ ಮೇಲೆ ಅಂಗಡಿಯಿಂದ ತೆಗೆದರು. ಸಿಕ್ಕಿಬಿದ್ದರೆ ವಾಪಸ್ಸು, ಸಿಕ್ಕದಿದ್ದರೆ ಸ್ಫೂರ್ತಿ. ಇದನ್ನು ನೋಡಿ ನೋಡಿ ಸಾಕಾಗಿದೆ. ಈತನಿಗಾದರೂ ಹೆಸರಿತ್ತು, ಬ್ರ್ಯಾಂಡಿತ್ತು. ಮಾಲಿಯಲ್ಲಿ ಕೆಸರಿನಿಂದ ಬೊಗೊಲಾನ್ ಬಟ್ಟೆಗೆ ಬಣ್ಣ ಕಟ್ಟುವ ಹೆಂಗಸು ಯಾರಿಗೆ ನೋಟಿಸು ಕೊಡಬೇಕು? ಅವಳಿಗೆ ಹೇಳುವವರಾದರೂ ಯಾರು?

2025ರ ಜೂನಿನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಕೊಲ್ಹಾಪುರಿ ಚಪ್ಪಲಿಯನ್ನು ಹೆಸರು ಹೇಳದೆ ಮಿಲಾನಿನಲ್ಲಿ ನಡೆಸಿದಾಗ ನಮಗೂ ರೇಗಿತು. ಯಾವ ಸರಕು ಯಾವ ಊರಿನದೆಂದು ಗುರುತಿಸುವ ಜಿಐ ಪಟ್ಟಿಯಲ್ಲಿ ಈ ಚಪ್ಪಲಿಗೆ ಬೆಳಗಾವಿ, ಬಾಗಲಕೋಟೆ ಕಡೆಯವರ ಪಾಲೂ ಇದೆ ನೋಡಿ. ಆ ವಾರ ಕೂಗಾಡಿದವರಲ್ಲಿ ನಾನೂ ಒಬ್ಬ. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು.

ಜಾಹೀರಾತಿನ ಗೌನು ಇವತ್ತೂ ಬಂತು. ಈ ಸಲ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಪಂಜರ, ತೆರೆದ ಬಾಗಿಲು, ಹಾರುವ ಹಕ್ಕಿ. ಮದುವೆ ರಿಸೆಪ್ಷನ್ನಿಗೆ ಹೇಳಿ ಮಾಡಿಸಿದಂತಿದೆ ಎಂದು ಕೆಳಗೆ ಬರೆದಿದ್ದರು.