ಮಾವಶಿಯ ಕೈಗವಸು

ಮುಂಬಯಿಯ ಒಂದು ಆಸ್ಪತ್ರೆಯ ಕೀಮೋಥೆರಪಿ ವಾರ್ಡಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ನರ್ಸ್ ಆಗಿದ್ದೇನೆ. ನಮ್ಮ ವೃತ್ತಿಯ ಅಪಾಯವೆಂದರೆ ಸೂಜಿ ಚುಚ್ಚಿಕೊಳ್ಳುವುದು ಎಂದೇ ಬಹುಕಾಲ ತಿಳಿದಿದ್ದೆ. ಸೂಜಿ ಚುಚ್ಚಿದರೆ ಕೂಡಲೇ ಗೊತ್ತಾಗುತ್ತದೆ. ಚರ್ಮಕ್ಕೆ ತಾಗಿದ ಔಷಧ ಸುಳಿವನ್ನೇ ಕೊಡುವುದಿಲ್ಲ. ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಕೆಂಪಗಿರುವುದರಿಂದ ಚೆಲ್ಲಿದರೆ ಕಾಣುತ್ತದೆ, ಸೈಕ್ಲೋಫಾಸ್ಫಮೈಡ್ ಎಂಬ ಇನ್ನೊಂದು ಅಪ್ಪಟ ನೀರಿನಂತಿರುತ್ತದೆ.

ಕಳೆದ ಮಳೆಗಾಲದ ತರಬೇತಿಯಲ್ಲಿ ಔಷಧದ ಬದಲು, ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಫ್ಲೋರೆಸಿನ್ ಎಂಬ ಬಣ್ಣ ಬೆರೆಸಿದ ನೀರನ್ನು ಕೊಟ್ಟು, ಎಂದಿನಂತೆ ಡ್ರಿಪ್ ಹಾಕಿ ತೆಗೆಯಲು ಹೇಳಿದರು. ಆಮೇಲೆ ಕೋಣೆಯನ್ನು ಕತ್ತಲಾಗಿಸಿ ಅತಿನೇರಳೆ ದೀಪ ಹಿಡಿದಾಗ, ನನ್ನ ಎಡ ಮಣಿಕಟ್ಟಿನಲ್ಲಿ, ಕೈಗವಸಿನ ಅಂಚು ಮುಗಿಯುವಲ್ಲಿ, ಬಳೆ ತೊಟ್ಟಂತೆ ಹಳದಿ ಹಸಿರಿನ ಗೆರೆಯೊಂದು ಹೊಳೆಯಿತು. ಪೆನ್ನಿನ ಮೇಲೆ, ಮೊಬೈಲಿನ ಮೇಲೆ, ಕೊರಳಿನ ಗುರುತುಪತ್ರದ ಮೇಲೆ ಬೆರಳ ಗುರುತುಗಳಿದ್ದವು. ಕೈಗವಸು ಹಾಕಿದ್ದೇನೆಂಬ ಧೈರ್ಯದಿಂದಲೇ ಅವನ್ನೆಲ್ಲ ಮುಟ್ಟಿದ್ದೆ. ಸ್ಯಾನಿಟೈಸರ್ ಉಜ್ಜಿಕೊಂಡರೆ ರಾಸಾಯನಿಕ ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಸೋಪು ಮತ್ತು ಧಾರಾಳ ನೀರೇ ಬೇಕು.

ಇದು ಹೊಸ ವಿಷಯವೇನೂ ಅಲ್ಲ. ಕೀಮೋ ಔಷಧ ಮುಟ್ಟುವ ನರ್ಸ್‌ಗಳ ಮೂತ್ರದಲ್ಲಿ ವಂಶವಾಹಿಗಳನ್ನು ಕೆಡಿಸುವ ಗುಣವಿದೆಯೆಂದು ಫಿನ್ಲೆಂಡಿನ ಸಂಶೋಧಕರು 1979ರಲ್ಲೇ ತೋರಿಸಿದ್ದರು. ಕೈಗವಸಿನ ಮೇಲಿನ ಕುರುಡು ನಂಬಿಕೆಗೆ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಜೀವವನ್ನೇ ತೆತ್ತರು. 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ್ರವದ ಹನಿಯೊಂದೆರಡು ಅವರ ಲ್ಯಾಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ಆ ದ್ರವ ಕೆಲವೇ ಸೆಕೆಂಡುಗಳಲ್ಲಿ ಲ್ಯಾಟೆಕ್ಸನ್ನು ದಾಟಿಬಿಡುತ್ತದೆಂಬುದು ಆಮೇಲಿನ ಪರೀಕ್ಷೆಗಳಿಂದ ತಿಳಿಯಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ನಾವು ಬಳಸುವುದು ಅಂಥ ವಿಷವಲ್ಲ, ನಿಜ. ಆದರೂ ಯಾವ ಪದಾರ್ಥಕ್ಕೆ ಯಾವ ಕೈಗವಸು, ಎಷ್ಟು ಹೊತ್ತು ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಅವರ ಕಥೆ ಓದಿದ ಮೇಲೆ.

ನನ್ನ ತಕರಾರು ಬೇರೆಯೇ ಇದೆ. ತರಬೇತಿಗೆ ಕರೆದದ್ದು ಡಾಕ್ಟರರನ್ನು ಮತ್ತು ನಮ್ಮನ್ನು ಮಾತ್ರ. ಕೀಮೋ ಪಡೆದ ರೋಗಿಯ ಮಲಮೂತ್ರ, ವಾಂತಿಗಳಲ್ಲಿ ಔಷಧದ ಅಂಶ ಕನಿಷ್ಠ 48 ಗಂಟೆ ಇರುತ್ತದೆಂದು ಎಣಿಸಿ ಎಚ್ಚರಿಕೆ ವಹಿಸಬೇಕು. ಅದನ್ನೆಲ್ಲ ಎತ್ತಿ ಚೆಲ್ಲುವವರು ಇಲ್ಲಿ ಎಲ್ಲರೂ ‘ಮಾವಶಿ’ ಎಂದು ಕರೆಯುವ ಆಯಾಗಳು. ನಮ್ಮ ವಾರ್ಡಿನ ಮಾವಶಿ ವಿಜಯಪುರದ ಕಡೆಯವರು, ಬರಿಗೈಯಲ್ಲೇ ಬೆಡ್‌ಪ್ಯಾನ್ ತೊಳೆಯುತ್ತಿದ್ದರು. ಕೈಗವಸು ಹಾಕಿಕೊಳ್ಳಿ ಎಂದೆ.

“ನಾ ಏನ್ ಸೂಜಿ ಮುಟ್ತೀನೇನ್ರೀ ಸಿಸ್ಟರ್? ನನಗ್ಯಾಕ ಅದು?” ಎಂದು ನಕ್ಕರು.

ಅವರನ್ನು ಕರೆದು ದೀಪದಡಿ ನನ್ನ ಪೆನ್ನು, ಮಣಿಕಟ್ಟುಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ತಮ್ಮ ಬೆರಳಸಂದಿಯ ಬಿರುಕುಗಳನ್ನೇ ನೋಡಿಕೊಂಡರು. ದಿನವಿಡೀ ನೀರು, ಫಿನೈಲಿನಲ್ಲಿ ನೆನೆದು ಒಡೆದ ಚರ್ಮ ಗಟ್ಟಿ ಚರ್ಮದಷ್ಟು ತಡೆಯಲಾರದು. ನಾನು ಹೇಳುವ ಮೊದಲೇ ಅವರು, “ಮನಿಗೆ ಹೋಗಿ ಇದೇ ಕೈಲೆ ರೊಟ್ಟಿ ಬಡೀತೀನಲ್ರೀ” ಎಂದರು.

ಮರುದಿನ ಕೈಗವಸಿನ ಬೇಡಿಕೆ ಪಟ್ಟಿ ಬರೆಯಲು ಕುಳಿತೆ. ಅದರಲ್ಲಿ ಡಾಕ್ಟರರಿಗೊಂದು ಸಾಲಿದೆ, ನರ್ಸ್‌ಗಳಿಗೊಂದು ಸಾಲಿದೆ, ಮಾವಶಿಯರಿಗೆ ಸಾಲೇ ಇಲ್ಲ. ಅಂದಿನಿಂದ ಪ್ರತಿ ತಿಂಗಳೂ ನಮ್ಮ ಸಾಲಿನಲ್ಲೇ ನಾಲ್ಕು ಡಬ್ಬಿ ಹೆಚ್ಚು ಬರೆಯುತ್ತೇನೆ. ಇಷ್ಟೊಂದು ಯಾಕೆ ಬೇಕು ಎಂದು ಸ್ಟೋರಿನವರು ಪ್ರತಿ ತಿಂಗಳೂ ಕೇಳುತ್ತಾರೆ.