ಎಬಿಸಿ ಹೋಗಿ ಪಿಕ್ಯೂಆರ್ ಆದಾಗ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಇಳಿಸಿಕೊಳ್ಳೋಣ ಅಂತ ಕೂತಿದ್ದೇನೆ. ಉದ್ದವಾದರೆ ಬೈಕೊಳ್ಳಬೇಡಿ. ಮೂವತ್ತೊಂದು ವರ್ಷ ಪೀರಿಯಡ್ ತೆಗೆದುಕೊಂಡವನಿಗೆ ಬೆಲ್ ಹೊಡೆಯುವವರೆಗೂ ಮಾತಾಡಿಯೇ ಅಭ್ಯಾಸ.

ಪಕ್ಕದ ಮನೆ ಹುಡುಗಿ ಈ ವರ್ಷ ಹತ್ತನೇ ಕ್ಲಾಸು. ಅವಳಮ್ಮ ಕಾಂಪೌಂಡ್ ಆಚೆಯಿಂದಲೇ "ಮೇಷ್ಟ್ರೇ, ಇವಳ ಹತ್ರ ಥೇಲ್ಸ್ ಪ್ರಮೇಯ ಒಂದ್ಸಲ ಒಪ್ಪಿಸಿಕೊಳ್ಳಿ" ಅಂದರು. ಒಪ್ಪಿಸಿಕೊಳ್ಳಬೇಕಂತೆ! ಮಗ್ಗಿ ಆದರೆ ಸರಿ, ಪದ್ಯ ಆದರೆ ಸರಿ. ಹುಡುಗಿ ಕಣ್ಣು ಮುಚ್ಚಿ ಶುರು ಮಾಡಿದಳು. "ತ್ರಿಭುಜದ ಒಂದು ಬಾಹುವಿಗೆ ಎಳೆದ ಸಮಾಂತರ ರೇಖೆಯು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ." ದತ್ತ, ಸಾಧನೀಯ, ರಚನೆ, ಸಾಧನೆ. ಎಲ್ಲೂ ತಡವರಿಸಲಿಲ್ಲ. ಸಂಧ್ಯಾವಂದನೆ ಮಾಡುವವರೂ ಅಷ್ಟು ಚೆನ್ನಾಗಿ ಹೇಳಲ್ಲ.

ಹಳೇ ಪೇಪರಿನ ಅಂಚಿನಲ್ಲಿ ಒಂದು ತ್ರಿಭುಜ ಬರೆದೆ. ಮೂಲೆಗಳಿಗೆ ಪಿ, ಕ್ಯೂ, ಆರ್ ಅಂತ ಹೆಸರಿಟ್ಟೆ. ಒಳಗೊಂದು ಗೆರೆ ಎಳೆದು "ಈಗ ಹೇಳಮ್ಮ" ಅಂದೆ.

"ಅಂಕಲ್, ಇದು ಎಬಿಸಿ ಅಲ್ವಲ್ಲ."

"ಆದರೇನಂತೆ?"

"ನಮ್ಗೆ ಎಬಿಸಿನೇ ಕೊಟ್ಟಿರೋದು. ಪರೀಕ್ಷೇಲಿ ನಾವೇ ಎಬಿಸಿ ಅಂತ ಬರ್ಕೋಬಹುದಂತೆ."

ಸಿಟ್ಟು ನೆತ್ತಿಗೇರಿತು. ಆ ಮಗುವಿನ ಮೇಲಲ್ಲ. ಅವಳ ಕೈಯಲ್ಲಿದ್ದ ಜೆರಾಕ್ಸ್ ಹಾಳೆಗಳ ಮೇಲೆ. ಮೇಲ್ಗಡೆ ದಪ್ಪಕ್ಷರದಲ್ಲಿ 'ಪಾಸಿಂಗ್ ಪ್ಯಾಕೇಜ್'. ಅಂದರೆ ಪಾಸಾಗೋಕೆ ಎಷ್ಟು ಬೇಕೋ ಅಷ್ಟೇ ಬಾಯಿಪಾಠದ ಹಾಳೆ. ಪ್ರವಾಸದ ಪ್ಯಾಕೇಜ್ ಇದ್ದ ಹಾಗೆ! ಥೇಲ್ಸ್ ಪ್ರಮೇಯ ಬಾಯಿಪಾಠ, ನಾಲ್ಕೈದು ಅಂಕ. ಒಂದು ಗ್ರಾಫ್, ನಾಲ್ಕು ಅಂಕ. ಸರಾಸರಿ, ಮಧ್ಯಾಂಕ, ಬಹುಲಕದಲ್ಲಿ ಒಂದು. ನಾನು ಪಾಠ ಮಾಡುತ್ತಿದ್ದಾಗ 80ಕ್ಕೆ 28 ಬಂದರೆ ದಡ ಸೇರಿದ ಹಾಗೆ. ಆಂತರಿಕ ಅಂಕದ 20 ಹೇಗೆ ಬೀಳುತ್ತೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಗ್ರೇಸ್ ಅಂಕ ಜಾಸ್ತಿ ಕೊಟ್ಟರೂ 73.40ಕ್ಕೆ ಇಳಿಯಿತು. ಅವತ್ತು ಎಲ್ಲರೂ ಕ್ಯಾಮೆರಾ ಬಗ್ಗೆ, ಕಾಪಿ ಬಗ್ಗೆ ಮಾತಾಡಿದರು. ಪಿಕ್ಯೂಆರ್ ಬಗ್ಗೆ ಯಾರೂ ಮಾತಾಡಲಿಲ್ಲ.

ಈಗಲೂ ಸರ್ವಿಸ್‌ನಲ್ಲಿರುವ ಗೆಳೆಯನಿಗೆ ಫೋನ್ ಮಾಡಿ ರೇಗಾಡಿದೆ. "ಸಾರ್, ನಿಮ್ಗೇನು, ಪೆನ್ಶನ್ ಬರುತ್ತೆ. ಇಲ್ಲಿ ಫೇಲಾದ ಹುಡುಗೀನ ಮುಂದಿನ ವರ್ಷ ಮದುವೆ ಮಾಡಿ ಕಳಿಸ್ತಾರೆ. ನಾಲ್ಕು ಹಾಳೆ ಬಾಯಿಪಾಠದಿಂದ ಅವಳು ಪಿಯುಸಿ ಸೇರಿದರೆ ತಪ್ಪೇನು?" ಅಂದ. ಅರ್ಧ ನಿಮಿಷ ನನಗೂ ಬಾಯಿ ಕಟ್ಟಿತು. ಆಮೇಲೆ ಕೇಳಿದೆ: ಇದು ಪರೀಕ್ಷೆಗೆ ತಿಂಗಳಿರುವಾಗ, ತೀರಾ ಕೈಲಾಗದವರಿಗೆ ಅಂತ ಹುಟ್ಟಿದ ಉಪಾಯ ಅಲ್ವೇನಪ್ಪಾ? ಈಗ ಜೂನ್‌ನಲ್ಲೇ ಎಲ್ಲರಿಗೂ ಹಂಚುತ್ತೀರಲ್ಲ? ಮುಳುಗುವವನಿಗೆ ಹಗ್ಗ ಎಸೆಯೋದು ಸರಿ. ಈಜು ಕಲಿಸೋ ಮೊದಲ ದಿನವೇ ಎಲ್ಲರನ್ನೂ ಹಗ್ಗಕ್ಕೆ ಕಟ್ಟಿ ಕೂರಿಸೋದು ಯಾವ ಸೀಮೆ ಪಾಠ? ಅವನು "ಮೀಟಿಂಗ್ ಇದೆ ಸಾರ್" ಅಂದ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾನಾ? ಇಲ್ಲ. ಒಂದು ವರ್ಷ ನಮ್ಮ ಶಾಲೆಯಲ್ಲಿ ಲೆಕ್ಕದ ಫಲಿತಾಂಶ ನೆಲಕಚ್ಚಿತ್ತು. ಕಾರಣ ಕೇಳಿ ನನಗೆ ನೋಟಿಸ್ ಬಂತು. ಮರುವರ್ಷ ನಾನೇ ರಾತ್ರಿ ಕೂತು ನಾಲ್ಕು ಹಾಳೆ ತಯಾರು ಮಾಡಿದೆ. ಆಗ ಅದಕ್ಕೆ ಪ್ಯಾಕೇಜ್ ಅನ್ನೋ ಹೆಸರಿರಲಿಲ್ಲ, ಅಷ್ಟೇ. ಫಲಿತಾಂಶ ಏರಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಶಾಲು ಇನ್ನೂ ಬೀರುವಿನಲ್ಲಿದೆ.

ಆ ಬ್ಯಾಚಿನ ಒಬ್ಬ ಹುಡುಗ ಈಗ ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ. ಹೋದ ತಿಂಗಳು ಗೇಟಿನ ಕೆಲಸಕ್ಕೆ ಹೋಗಿದ್ದೆ. ಶೀಟ್ ಮನೆಯ ಟ್ರಸ್, ಅಂದರೆ ಚಾವಣಿ ಹೊರುವ ತ್ರಿಕೋನದ ಚೌಕಟ್ಟು, ನೆಲದ ಮೇಲೆ ಮಲಗಿಸಿಕೊಂಡಿದ್ದ. ಒಂದು ಕಡೆ ಇಳಿಜಾರು 12 ಅಡಿ, ಇನ್ನೊಂದು ಕಡೆ 9 ಅಡಿ. ತುದಿಯಿಂದ ಈ ಕಡೆ 4 ಅಡಿಗೆ, ಆ ಕಡೆ 3 ಅಡಿಗೆ ಸೀಮೆಸುಣ್ಣದ ಗುರುತು ಹಾಕಿ ಅಡ್ಡ ಪೈಪ್ ಇಟ್ಟ. "ಎರಡೂ ಕಡೆ ಮೂರರಲ್ಲಿ ಒಂದು ಪಾಲು ಹಿಡಿದ್ರೆ ಕೆಳಗಿನ ಪೈಪಿಗೆ ಕರೆಕ್ಟಾಗಿ ಸಮ ಬರುತ್ತೆ ಸಾರ್" ಅಂದ. ಮೈ ಜುಂ ಅಂತು. ಥೇಲ್ಸ್ ಪ್ರಮೇಯದ ವಿಲೋಮ, ಅಂದರೆ ಅದನ್ನೇ ತಿರುಗಿಸಿ ಹೇಳಿದ್ದು, ಅಲ್ವಾ ಅದು!

ಅಷ್ಟರಲ್ಲಿ ಅವನೇ ನಗುತ್ತಾ, "ನೀವು ಕೊಟ್ಟಿದ್ದ ಪ್ರಮೇಯ ಇನ್ನೂ ಬಾಯಲ್ಲಿದೆ ಸಾರ್" ಅಂತ ಪೂರ್ತಿ ಒಪ್ಪಿಸಿದ. ದತ್ತ, ಸಾಧನೀಯ, ರಚನೆ, ಸಾಧನೆ. ಕಾಲ ಬಳಿಯೇ ಟ್ರಸ್ ಬಿದ್ದಿತ್ತು. ಎರಡೂ ಒಂದೇ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲೇ ಇಲ್ಲವಲ್ಲ. ಅವತ್ತೂ ಬಾಯಿ ಬರಲಿಲ್ಲ. ಟೀ ಕುಡಿದು ಬಂದೆ.

ಹೇಳಿಕೊಡೋದು ಅಂಥ ಕಷ್ಟವೂ ಅಲ್ಲ ಮಾರಾಯರೇ. ನೋಟಿಸ್‌ಗೆ ಮುಂಚೆ ನನ್ನ ಹತ್ತಿರ ಒಂದು ಹಲಗೆ ಇತ್ತು. ಡಿ, ಇ ಅಂತ ಎರಡು ಮೊಳೆ, ಒಂದು ರಬ್ಬರ್ ಬ್ಯಾಂಡ್. ಅವಕ್ಕೆ ಸಮಾಂತರವಾಗಿ ಕೆಳಗೊಂದು ಗೆರೆ, ಅದರ ಎರಡು ತುದಿ ಬಿ, ಸಿ. ಬ್ಯಾಂಡಿನ ಮೂರನೇ ಮೂಲೆಯನ್ನು ಆ ಗೆರೆ ಮೇಲೆ ಬಿ ಇಂದ ಸಿ ತನಕ ಎಳೆದುಕೊಂಡು ಹೋಗೋದು. ತ್ರಿಭುಜ ಸೊಟ್ಟ ಆಗುತ್ತೆ, ವಾಲುತ್ತೆ, ವಿಸ್ತೀರ್ಣ ಮಾತ್ರ ಅಷ್ಟೇ. ಪಾದ ಅದೇ, ಎತ್ತರ ಅದೇ. ಪ್ರಮೇಯದ ಜೀವ ಇರೋದೇ ಅಲ್ಲಿ. "ಆಕಾರ ಬದ್ಲಾಗ್ತಿದೆ, ದೊಡ್ಡದಾಗ್ತಿಲ್ವಲ್ಲ ಸಾರ್!" ಅಂತ ಹಿಂದಿನ ಬೆಂಚಿನವನು ಎದ್ದು ನಿಂತಿದ್ದು ಇನ್ನೂ ನೆನಪಿದೆ. ಒಂದೇ ಒಂದು ಪೀರಿಯಡ್ ಸಾಕು ಇದಕ್ಕೆ.

ಇವತ್ತು ಬೆಳಿಗ್ಗೆ ಅಟ್ಟ ಹತ್ತಿ ಹಲಗೆ ಹುಡುಕಿದೆ. ಮೊಳೆ ತುಕ್ಕು ಹಿಡಿದಿವೆ. ಸಂಜೆ ಹುಡುಗಿಯನ್ನು ಕಳಿಸಿ ಅಂತ ಪಕ್ಕದ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ ಕೇಳಿದರು, "ಇದು ಪರೀಕ್ಷೆಗೆ ಬರುತ್ತಾ ಮೇಷ್ಟ್ರೇ?"

ಬರುತ್ತೆ ಅಂದುಬಿಟ್ಟೆ.